ಹದಿನೇಳನೇ ಪೋರ್ಟು

ಇದು ನನ್ನ ಕಣ್ಣೆದುರೇ ನಡೆದದ್ದು, ಅದೂ ಹಾಡಹಗಲೇ. ನಾನು, ನನ್ನ ಭಾವ ಇಬ್ಬರೂ ಬ್ರಾಡ್‌ಬ್ಯಾಂಡ್ ಕಂಪನಿಯ ಸ್ವಿಚ್ ರೂಮಿನಲ್ಲಿ ಕೆಲಸ ಮಾಡುತ್ತೇವೆ. ಊರಿನ ಇಂಟರ್ನೆಟ್ಟೆಲ್ಲ ಹಾದುಹೋಗುವುದು ಅಲ್ಲಿರುವ ಒಂದೇ ಸ್ವಿಚ್ಚಿನ ಮೂಲಕ. ಹೊಸ ಸ್ವಿಚ್ಚು ಕೂರಿಸಿದ ದಿನವೇ ಅದರ ಹದಿನೇಳನೇ ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯ, ಹಸಿರು ದೀಪ ಮಿಣುಕತೊಡಗಿತು.

“ಭಾವ, ಇದಕ್ಕೆ ಕೇಬಲ್ಲೇ ಹಾಕಿಲ್ಲ!”

“ಖಾಲಿ ಕೂತು ಬೇಜಾರಾಗಿರಬೇಕು, ಪಾಪ,” ಎಂದು ಭಾವ ನಕ್ಕರು.

ಆ ಪೋರ್ಟಿರುವ ಕಾರ್ಡನ್ನೇ ಬದಲಿಸಿದೆವು. ಹೊಸದರಲ್ಲೂ ಅದೇ ದೀಪ. ಸುತ್ತಲಿನ ಲೋಹವೆಲ್ಲ ಬಿಸಿಯಾಗಿದ್ದರೂ ಆ ಪೋರ್ಟೊಂದು ಮಾತ್ರ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಕಿವಿಯಿಟ್ಟರೆ ಯಾರೋ ಗುನುಗುವ ಸದ್ದು. ಭಾವ ಅದಕ್ಕೆ ತಾಳ ಬೇರೆ ಹಾಕಿದರು!

ಮಧ್ಯಾಹ್ನ ರಸ್ತೆ ಅಗೆಯುವವರು ನಮ್ಮ ಮುಖ್ಯ ಕೇಬಲ್ಲನ್ನೇ ಕತ್ತರಿಸಿಬಿಟ್ಟರು. ಇಂಟರ್ನೆಟ್ ಊರಿಂದಾಚೆಗೆ ಹೋಗಲು ಇದ್ದ ದಾರಿ ಅದೊಂದೇ. ಆಸ್ಪತ್ರೆಯಲ್ಲಿ ಆ ಹೊತ್ತಿಗೆ, ದೂರದ ಡಾಕ್ಟರೊಬ್ಬರು ವಿಡಿಯೊದಲ್ಲಿ ಹೇಳಿಕೊಡುತ್ತಾ, ಆಪರೇಷನ್ ನಡೆಯುತ್ತಿತ್ತು. ಕೂಡಲೇ ಅಲ್ಲಿಗೆ ಫೋನ್ ಮಾಡಿದೆ.

“ವಿಡಿಯೊ ಚೆನ್ನಾಗೇ ಬರ್ತಿದೆಯಲ್ಲಪ್ಪಾ, ಏನಾಯ್ತು?” ಎಂದರು ನರ್ಸಮ್ಮ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕೇಬಲ್ ಜೋಡಿಸಲು ಮೂರು ಗಂಟೆ ಹಿಡಿದರೂ ಒಂದೇ ಒಂದು ದೂರು ಬರಲಿಲ್ಲ. ಸಂಜೆ ಸ್ವಿಚ್ಚಿನ ದಾಖಲೆ ತೆಗೆದು ನೋಡಿದೆವು. ಆ ಮೂರು ಗಂಟೆ ಇಡೀ ಊರಿನ ಮಾತು, ಚಿತ್ರ ಎಲ್ಲವೂ ಹದಿನೇಳರಿಂದಲೇ ಹೊರಟಿದ್ದವು. ಎಲ್ಲಿಗೆ ಎಂದು ತೋರಿಸಬೇಕಾದ ಜಾಗ ಮಾತ್ರ ಖಾಲಿಯಿತ್ತು.