ಒಂದು ನಿಮಿಷದ ಕತ್ತಲು

ನವೆಂಬರ್‌ನಿಂದ ಶೋಭಿತಾ ಒಂದು ಗುಲಾಬಿಯ ಹಿಂದೆ ಬಿದ್ದಿದ್ದಳು. ಮುಡಿಯುವ ಗುಲಾಬಿಯಲ್ಲ, ಬರಿಗಣ್ಣಿಗೆ ಕಾಣದ, ರೋಸೆಟ್ ಎಂಬ ನೀಹಾರಿಕೆ. ಅದರ ಬೆಳಕು ಇಲ್ಲಿಗೆ ಮುಟ್ಟಲು ಐದು ಸಾವಿರ ವರ್ಷ ಬೇಕು. ಅಷ್ಟು ದೂರದಿಂದ ಬಂದದ್ದನ್ನು ಹಿಡಿಯೋಣವೆಂದರೆ, ತಾರಸಿಯ ಪಡುವಣಕ್ಕೇ ತಿಮ್ಮಯ್ಯನವರ ಬೆಲ್ಲದ ಆಲೆಮನೆ, ಅದರ ನೆತ್ತಿಯ ಮೇಲೊಂದು ಫೋಕಸ್ ಲೈಟು.

ಮದ್ದೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ, ಸಂಜೆ ಹನಕೆರೆಯಲ್ಲಿ ರೈಲಿಳಿದು, ಸ್ಕೂಟಿಯಲ್ಲಿ ತನ್ನ ಹಳ್ಳಿ ಸೇರುವಳು. ಊಟವಾದ ಮೇಲೆ ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ಕೂರುವಳು. ಒಂದೊಂದು ನಿಮಿಷದ ನೂರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಮಾತ್ರ ಆ ಹೂವು ಮೂಡುತ್ತದೆ.

ತಿಮ್ಮಯ್ಯನವರ ಮಗ ರಘುನಂದನ್ ಹೈಸ್ಕೂಲಿನಲ್ಲಿ ಅವಳಿಗಿಂತ ಎರಡು ವರ್ಷ ಮುಂದೆ ಇದ್ದವನು. ಡಿಸೆಂಬರ್‌ನಲ್ಲಿ ಒಮ್ಮೆ ಹನಕೆರೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವನು, ರಾತ್ರಿಯೆಲ್ಲ ತಾರಸಿ ಮೇಲೆ ಏನು ಮಾಡುತ್ತೀಯ ಎಂದು ಕೇಳಿದ. ನಿಮ್ಮ ಲೈಟನ್ನ ಬೈಕೊಂಡು ಕೂತಿರ್ತೀನಿ ಎಂದಳು. ಅವನು ನಗಲಿಲ್ಲ, ಹಣೆ ಸುಕ್ಕು ಮಾಡಿಕೊಂಡು ಕೇಳಿಸಿಕೊಂಡ. ಆ ರಾತ್ರಿ ಹನ್ನೊಂದು ನಲವತ್ತಕ್ಕೆ ಲೈಟು ಆರಿತು. ಆಳುಗಳು ಒಂದು ಪಾಕ ಇಳಿಸಿ ಮುಕ್ಕಾಲು ಗಂಟೆ ಕಣ್ಣು ಮುಚ್ಚುವ ಹೊತ್ತದು.

ಮಾರನೆಯ ಸಂಜೆ ಅದೇ ಪ್ಲಾಟ್‌ಫಾರ್ಮಿನಲ್ಲಿ, ಅವಳ ಜಡೆಯ ತುದಿಯನ್ನಷ್ಟೇ ನೋಡುತ್ತಾ, "ಬೈಗುಳ ಕಮ್ಮಿ ಆಯ್ತಾ?" ಎಂದು ಕೇಳಿದ.

ಅಲ್ಲಿಂದ ದಿನಾ ರಾತ್ರಿ ಮುಕ್ಕಾಲು ಗಂಟೆ ಕತ್ತಲು. ಹೂವು ಕೊಡುವ ಹುಡುಗರು ಊರಿಗೊಬ್ಬರು ಸಿಕ್ಕಾರು, ಕತ್ತಲು ಕೊಡುವವನು ಎಲ್ಲಿ ಸಿಗುತ್ತಾನೆ? ಹನ್ನೊಂದು ನಲವತ್ತಾಗುವುದನ್ನೇ ಶೋಭಿತಾ ಕಾಯತೊಡಗಿದಳು, ಅದೂ ಬರೀ ನೀಹಾರಿಕೆಗಾಗಿ ಅಲ್ಲ. ಕರೆಂಟು ಉಳಿಸೋಕೆ ಎಂದು ಅವನು ಅಪ್ಪನಿಗೆ ಹೇಳಿದ್ದ. ನಿಜ ಹೇಳುವ ಹಾಗಿರಲಿಲ್ಲ. ಅವರ ಬೀದಿ ಬೇರೆ, ಇವಳ ಬೀದಿ ಬೇರೆ. ಶೋಭಿತಾಳ ಚಿಕ್ಕಪ್ಪ ಮಹದೇವು ಇಪ್ಪತ್ತು ವರ್ಷದಿಂದ ಅದೇ ಆಲೆಮನೆಯಲ್ಲಿ ಪಾಕ ನೋಡುವ ಆಳು, ಇವತ್ತಿಗೂ ಒಡೆಯರ ಮಗನೆಂದು ರಘುವನ್ನು 'ಬುದ್ಧಿ' ಎಂದೇ ಕರೆಯುವವನು.

ಸಂಕ್ರಾಂತಿ ಕಳೆದ ಮೂರನೆಯ ರಾತ್ರಿ ತ್ರೀ ಫೇಸ್ ಕರೆಂಟು ತಡವಾಗಿ ಬಂತು. ಕಬ್ಬು ಅರೆದದ್ದೂ ತಡವಾಯಿತು, ಪಾಕ ಬಂದದ್ದೂ ತಡವಾಯಿತು. ಇದನ್ನು ಗಮನಿಸದ ರಘು, ಲೈಟಿನ ಸ್ವಿಚ್ಚಿದ್ದ ದೂರದ ಪಂಪ್‌ಸೆಟ್ ಮನೆಯಲ್ಲಿ ನಿಂತು, ರೂಢಿಯಂತೆ ಹನ್ನೊಂದು ನಲವತ್ತಕ್ಕೆ ಲೈಟು ಆರಿಸಿದ. ಕುದಿಯುವ ಪಾಕವನ್ನು ಅಚ್ಚಿಗೆ ಹುಯ್ಯುತ್ತಿದ್ದ ಮಹದೇವು ಕತ್ತಲಲ್ಲಿ ಮುಗ್ಗರಿಸಿದ. ಬಲಗೈ ಮೊಣಕೈವರೆಗೂ ಬೆಂದುಹೋಯಿತು. ಕೂಗು ಕೇಳಿದ ರಘು ಮತ್ತೆ ಸ್ವಿಚ್ ಹಾಕುವಷ್ಟರಲ್ಲಿ ಒಂದು ನಿಮಿಷ ಕಳೆದಿತ್ತು. ಕಬ್ಬಿನ ಸಿಪ್ಪೆಯ ಮೇಲೆ ಮಲಗಿದ್ದ ಇಬ್ಬರು ಆಳುಗಳು ಎದ್ದು ನೋಡಿದಾಗ ಲೈಟು ಉರಿಯುತ್ತಲೇ ಇತ್ತು.

ಲೈಟು ಹೋಗಿತ್ತು ಎಂದ ಮಹದೇವು. ಆರಿಸಿದ್ದೆಯಾ ಎಂದು ತಿಮ್ಮಯ್ಯ ಮಗನನ್ನು ಕೇಳಿದರು. ರಘು ಇಲ್ಲ, ಪಾಕ ತಡ ಆಗಿದ್ದಕ್ಕೆ ಇವತ್ತು ಆರಿಸಲಿಲ್ಲ ಎಂದುಬಿಟ್ಟ.

ಅಲ್ಲಿಗೆ ತೀರ್ಮಾನವಾಯಿತು, ಮಹದೇವು ಕುಡಿದಿದ್ದ. ಎರಡು ವರ್ಷದ ಹಿಂದೆ ಹೆಂಡತಿ ದೇವಿರಮ್ಮನ ಕೈ ಹಿಡಿದು ಆಣೆ ಮಾಡಿ ಕುಡಿತ ಬಿಟ್ಟವನ ಮಾತನ್ನು ಈಗ ಅವಳೇ ನಂಬಲಿಲ್ಲ. ಗಾಯಕ್ಕೆ ಮುಲಾಮು ಹಚ್ಚುವಳು, ತುತ್ತು ಕಲಸಿ ಬಾಯಿಗಿಡುವಳು, ಮಾತು ಮಾತ್ರ ಇಲ್ಲ. ಸುಟ್ಟ ಕೈಗಿಂತ ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಶೋಭಿತಾ ಕಂಪ್ಯೂಟರ್ ತೆರೆದು ನೋಡಿದಳು. ಆ ರಾತ್ರಿಯ ಎಲ್ಲ ಫ್ರೇಮ್‌ಗಳಲ್ಲೂ ಆಕಾಶ ಮಬ್ಬುಬಿಳಿ. ಹನ್ನೊಂದು ನಲವತ್ತರ ಒಂದೇ ಒಂದು ಫ್ರೇಮ್ ಮಾತ್ರ ಕಪ್ಪಗೆ, ಅಚ್ಚುಕಟ್ಟಾಗಿ ಇತ್ತು. ಚಿಕ್ಕಪ್ಪ ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ಲೋಕದಲ್ಲಿ ಇದ್ದ ಸಾಕ್ಷಿ ಅದೊಂದೇ. ಬಿಸಿ ತುಪ್ಪದಂತೆ, ಉಗುಳಲೂ ಆಗದು ನುಂಗಲೂ ಆಗದು. ತೋರಿಸಿದರೆ ಕರೆಂಟಿನ ನೆಪ ನಿಲ್ಲದು, ಯಾರಿಗಾಗಿ ಆರಿಸಿದ ಎಂದು ಊರು ಕೇಳುತ್ತದೆ.

ಅವನೇ ಹೇಳುತ್ತಾನೆ ಎಂದು ನಾಲ್ಕು ದಿನ ಕಾದಳು. ಐದನೆಯ ಸಂಜೆ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಹತ್ತಿರ ಅವನು ಕಾದಿದ್ದ. ಗಡ್ಡ ಬೆಳೆದಿತ್ತು. ಆ ಮುಖ ನೋಡಿ ಕರುಳು ಚುರುಕ್ ಎಂದಿತು, ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟೂ ಬಂತು.

"ಆಸ್ಪತ್ರೆ ಖರ್ಚೆಲ್ಲ ನಾನೇ ನೋಡ್ಕೋತೀನಿ ಶೋಭಿ," ಎಂದ. "ನಿಜ ಹೇಳಿದ್ರೆ ನಿನ್ನ ಹೆಸರು ಬತ್ತದೆ. ನಮ್ಮೋರು ನಿನ್ನ ಸುಮ್ನೆ ಬುಡಲ್ಲ."

"ನನ್ನ ಹೆಸರು ಉಳಿಸೋಕೆ ಚಿಕ್ಕಪ್ಪನ ಹೆಸರು ಕೊಡಬೇಕಾ?"

ಅವನು ಬೆಂಚಿನ ಮೇಲೆ ಕೂತ.

"ನಿಜ ಹೇಳು ರಘು. ಅವತ್ತು ಇಲ್ಲ ಅಂದಿದ್ದು ನನಗೋಸ್ಕರವಾ, ಅಪ್ಪನ ಹೆದರಿಕೆಗಾ?"

ಮೈಸೂರು ಕಡೆಯ ರೈಲೊಂದು ನಿಲ್ಲದೆ ಹೋಯಿತು. ಅದು ಹೋದ ಮೇಲೆ ಮೆಲ್ಲಗೆ, "ಹೆದರಿಕೆಗೆ," ಎಂದ. "ನಿನ್ನ ಹೆಸರು ಆಮೇಲೆ ಹೊಳೀತು."

ಅಷ್ಟಾದರೂ ನಿಜ ಹೇಳಿದನಲ್ಲ ಎಂದು ಅವಳಿಗೆ ಅಳು ಬಂತು. ಆ ರಾತ್ರಿಯ ಫೋಟೋ ತೋರಿಸಲು ನಾಳೆ ಸಂಜೆ ಲ್ಯಾಪ್‌ಟಾಪ್ ಹಿಡಿದು ಆಲೆಮನೆಗೆ ಬರುವುದಾಗಿ, ಬೇಕಾದರೆ ಅವನು ಇರಬಹುದು, ಬೇಡವಾದರೆ ಇಲ್ಲ ಎಂದು ಹೇಳಿ ಸ್ಕೂಟಿ ಹತ್ತಿದಳು.

ಮಾರನೆಯ ಸಂಜೆ ಚಿಕ್ಕಪ್ಪನನ್ನೂ ದೇವಿರಮ್ಮನನ್ನೂ ಕರೆದುಕೊಂಡೇ ಹೋದಳು. ತಿಮ್ಮಯ್ಯ ಹಗ್ಗದ ಮಂಚದ ಮೇಲೆ ಕೂತಿದ್ದರು. ಆಳುಗಳು ಸುತ್ತ ನಿಂತರು. ರಘು ಒಲೆಯ ಪಕ್ಕದಲ್ಲಿದ್ದ. ಅವಳು ಬೆಲ್ಲದ ಅಚ್ಚಿನ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆಯುವಷ್ಟರಲ್ಲಿ, ಅವನ ಕೈ ಬಂದು ಅದನ್ನು ಮುಚ್ಚಿತು.

"ಮಿಷನ್ ಯಾಕೆ ಸಾಕ್ಷಿ ಹೇಳ್ಬೇಕು, ನಾನಿದ್ದೀನಲ್ಲ," ಎಂದ. ಆಮೇಲೆ ಮಹದೇವುವಿನ ಕಡೆ ತಿರುಗಿ, "ಲೈಟು ಆರಿಸಿದ್ದು ನಾನು, ಮಹದೇವಣ್ಣ. ನೀನು ಕುಡಿದಿರ್ಲಿಲ್ಲ. ಸುಳ್ಳು ಹೇಳಿದ್ದೂ ನಾನೇ."



"ಯಾಕ್ಲಾ ಆರಿಸ್ದೆ? ಕರೆಂಟು ಉಳಿಸೋಕಾ?" ಎಂದರು ತಿಮ್ಮಯ್ಯ.

ಅವನು ಈ ಸಲ ಜಡೆಯ ತುದಿಯನ್ನು ನೋಡಲಿಲ್ಲ, ನೇರ ಅವಳ ಕಣ್ಣನ್ನೇ ನೋಡಿದ. "ಇವ್ಳಿಗೆ ಕತ್ತಲು ಬೇಕಿತ್ತು ಕಣಪ್ಪ. ನಂಗೆ ಇವ್ಳು ಬೇಕು."

ತಿಮ್ಮಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಎಡಗೈ ಹಿಡಿದಳು. ಆರು ದಿನದ ಮೇಲೆ ಅವಳಾಡಿದ ಮಾತು, "ನಡಿ, ಮುದ್ದೆ ಆರೋಯ್ತದೆ."

ಮಹದೇವು ಒಂದು ಹೆಜ್ಜೆ ಹೋಗಿ ನಿಂತ. "ಕತ್ತಲು ಬೇಕು ಅಂತ ನಮ್ಮನ್ನೊಂದ್ಮಾತು ಕೇಳ್ಬೌದಾಗಿತ್ತು," ಎಂದ. ಬುದ್ಧಿ ಎನ್ನಲಿಲ್ಲ. ಆ ಮಾತು ರಘುವಿಗೋ ಶೋಭಿತಾಳಿಗೋ ಗೊತ್ತಾಗಲಿಲ್ಲ. ಇಬ್ಬರೂ ತಲೆ ತಗ್ಗಿಸಿದರು.

ಅಪ್ಪ ಮಗನ ಮಾತು ನಿಂತುಹೋಯಿತು. ರಘು ಆಲೆಮನೆಯಲ್ಲೇ ಉಂಡು ಮಲಗತೊಡಗಿದ. ಎರಡು ಬೀದಿಯಲ್ಲೂ ಬಾಯಿಗಳು ಬಿಡುವಿಲ್ಲದೆ ಆಡಿದವು. ಶೋಭಿತಾಳ ತಾಯಿ ನಾಗಮಣಿ ಮಗಳನ್ನು ರೈಲಿಗೆ ಬಿಡಲು ದಿನಾ ತಾನೇ ಬಂದಳು. ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ.

ಹತ್ತು ದಿನದ ಮೇಲೆ ಒಂದು ಸಂಜೆ ಆಲೆಮನೆಯಲ್ಲಿ ಸುತ್ತಿಗೆ ಸದ್ದು. ತಾರಸಿಯಿಂದ ನೋಡಿದರೆ, ಏಣಿಯ ಮೇಲೆ ರಘು, ಕೆಳಗೆ ಕೈಗೆ ಬ್ಯಾಂಡೇಜು ಸುತ್ತಿದ ಮಹದೇವು, ಎಡಗೈಯಲ್ಲಿ ಆ ಕಡೆ ಈ ಕಡೆ ಎಂದು ತೋರಿಸುತ್ತಿದ್ದಾನೆ. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಲೈಟಿಗೆ ಟೋಪಿಯಂತೆ ಬಗ್ಗಿಸಿದ್ದರು. ಕತ್ತಲಾದ ಮೇಲೆ ಬೆಳಕೆಲ್ಲ ಕೊಪ್ಪರಿಗೆಯ ಸುತ್ತಲೇ ಬಿತ್ತು, ಮೇಲೆ ಆಕಾಶ ಕಪ್ಪಗೆ ಉಳಿಯಿತು.

ಫೋನು ಬಂತು. "ಬೈಗುಳ ಕಮ್ಮಿ ಆಯ್ತಾ?"

"ಇಲ್ಲ," ಎಂದಳು ಶೋಭಿತಾ. "ಹತ್ರ ಬಂದು ಬೈಸ್ಕೋ. ಕದ್ದು ಅಲ್ಲ, ಮುಂಬಾಗಿಲಲ್ಲಿ ಬಾ. ನಾನು ಕಾಯ್ತೀನಿ, ಎಷ್ಟು ದಿನ ಆದ್ರೂ."

ಆ ವಾರ ಮುನ್ನೂರು ಫ್ರೇಮ್ ಒಂದರ ಮೇಲೊಂದು ಪೇರಿಸಿದಳು. ತೆಳು ಕೆಂಪಿನಲ್ಲಿ ಗುಲಾಬಿ ಎಸಳೆಸಳಾಗಿ ಮೂಡಿತು. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಆ ಹನ್ನೊಂದು ನಲವತ್ತರ ಫ್ರೇಮನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ.