ಮೂವತ್ತೈದರಲ್ಲಿ ನಿಂತ ಕೈ

"ತಲೆ ಮೇಲೆ ಸುಣ್ಣ ಬಿದ್ದಿದೆ ಮೇಡಂ."

ಅವನು ಆಡಿದ ಮೊದಲ ಮಾತು ಅದು. ಆಡುತ್ತಲೇ ಅವಳ ಕೂದಲಿನತ್ತ ಬಲಗೈ ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಖ ಬಿಳಿಚಿಕೊಂಡಿತು. ಕೈ ಇಳಿಸಿ, ಏನೂ ಆಗದವನಂತೆ ಸೂರು ನೋಡಿದ.

"ಹಳೇ ಸುಣ್ಣ ಕೆರೀದೆ ಮೇಲೆ ಬಣ್ಣ ಬಳಿದಿದ್ದಾರೆ. ಉದುರದೆ ಇನ್ನೇನು ಮಾಡುತ್ತೆ?"

ಅವಳು ನಕ್ಕಳು. ಆಸ್ಪತ್ರೆಯ ಆ ವ್ಯಾಯಾಮದ ಕೋಣೆಯಲ್ಲಿ ಹನ್ನೊಂದು ವರ್ಷ ಸವೆಸಿದವಳು. ರೋಗಿಗಳ ಬಾಯಲ್ಲಿ 'ಭುಜದ ಮೇಡಂ'. ತಮ್ಮ ನೋವು ಹೇಳಿಕೊಳ್ಳಲು ಬಂದವರನ್ನು ಬೇಕಾದಷ್ಟು ಕಂಡಿದ್ದಳು. ಅವಳ ತಲೆಯ ಮೇಲೇನಿದೆ ಎಂದು ನೋಡಿದವನು ಇವನೊಬ್ಬನೇ.

ಅವನು ಪೇಂಟರ್. ದೊಡ್ಡ ಸಭಾಂಗಣಗಳ ಸೂರಿಗೆ ಬಣ್ಣ ಬಳಿಯುವುದರಲ್ಲಿ ಪಳಗಿದವನು. ಇಪ್ಪತ್ತು ವರ್ಷ ಕೈ ಮೇಲೆತ್ತಿ ದುಡಿದು, ಭುಜದೊಳಗಿನ ನಾರು ಹರಿದಿತ್ತು.

"ಅಂಗಿ ತೆಗೀರಿ."

"ಅದಕ್ಕೆ ಅಮ್ಮ ಬೇಕು ಮೇಡಂ. ಗುಂಡಿ ಹಾಕಿ ಕಳಿಸಿದವಳು ಅವಳೇ."

ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದ ಆಯಾ ತಲೆಯೆತ್ತಲಿಲ್ಲ. "ನಲವತ್ತು ವರ್ಷದ ಕೂಸು."

"ಮೂವತ್ತೆಂಟು," ಎಂದ ಅವನು, ಬಹಳ ಗಂಭೀರವಾಗಿ.

ಬಿಚ್ಚುವಾಗ ಒಳ್ಳೆಯ ಕೈ ಮೊದಲು, ತೊಡುವಾಗ ನೋವಿನ ಕೈ ಮೊದಲು ಎಂದು ಅವಳೇ ಕಲಿಸಿದಳು.

ಭಗವಂತ ಸೊಂಟದ ಕೀಲಿಗೆ ಆಳವಾದ ಬಟ್ಟಲು ಕೊಟ್ಟ. ಭುಜಕ್ಕೆ ಕೊಟ್ಟದ್ದು ಬರೀ ತಟ್ಟೆ. ತೋಳಿನ ಗುಂಡು ಆ ತಟ್ಟೆಯ ಮೇಲೆ ಉರುಳುತ್ತಿರುತ್ತದೆ. ಬೀಳದಂತೆ ಹಿಡಿದಿರುವುದು ನಾಲ್ಕು ಪುಟ್ಟ ಸ್ನಾಯುಗಳು. ಅದಕ್ಕೇ ಕೈ ಆಕಾಶದವರೆಗೂ ಏರಬಲ್ಲದು, ಅದಕ್ಕೇ ಬೇಗ ಸೋಲುತ್ತದೆ. ಸ್ವಾತಂತ್ರ್ಯವನ್ನು ಅವನು ಯಾರಿಗೂ ಭದ್ರವಾಗಿ ಕಟ್ಟಿಕೊಟ್ಟಿಲ್ಲ.

ಅವಳು ಅವನ ಬೆನ್ನಿನ ಹಿಂದೆ ನಿಂತು, ಭುಜದ ಹಲಗೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅಳೆಯುವ ಕ್ರಮವೇ ಹಾಗೆ. ಹಿಡಿಯದಿದ್ದರೆ ಗುಂಡು ಹೊರಳದಿದ್ದರೂ ಹಲಗೆ ಎದ್ದು ಬಂದು, ಕೈ ಏರಿತು ಎಂದು ಸುಳ್ಳು ಹೇಳುತ್ತದೆ.

ಐವತ್ತು ಡಿಗ್ರಿ. ಕಾರ್ಡಿನಲ್ಲಿ ಬರೆದಳು.

ಮರುವಾರ ಐವತ್ತು. ಅದರ ಮರುವಾರವೂ ಐವತ್ತು.

ಆರನೆಯ ವಾರಕ್ಕೂ ಅಂಕಿ ಏರದಿದ್ದರೆ ಕಾರ್ಡು ಮುಚ್ಚಬೇಕು, ಆ ವೇಳೆ ಬೇರೆ ರೋಗಿಗೆ. ಅದು ಆಸ್ಪತ್ರೆಯ ನಿಯಮ. ಇಷ್ಟು ವರ್ಷ ಆ ನಿಯಮದ ಬಗ್ಗೆ ಅವಳು ಯೋಚಿಸಿಯೇ ಇರಲಿಲ್ಲ. ಈಗ ಮಂಗಳವಾರ ಬಂದರೆ ಹತ್ತು ಗಂಟೆಗೆ ಬಾಗಿಲ ಕಡೆಗೇ ಕಣ್ಣು...

"ಪೇಂಟರ್ ಬಂದ್ರೆ ನಿಮ್ಮ ಟೀ ಆರಿಹೋಗುತ್ತೆ," ಎಂದಿದ್ದಳು ಆಯಾ. "ಬೇರೆಯವರು ಬಂದಾಗ ಲೋಟ ಖಾಲಿ."

ಆರನೆಯ ಮಂಗಳವಾರ ಅವಳ ಅಂಗೈ ಹಲಗೆಯ ಮೇಲೆ ಒತ್ತಲಿಲ್ಲ, ಸುಮ್ಮನೆ ಕೂತಿತ್ತು. ಅಷ್ಟೇ. ಕೈ ಏರಿತು.

ಅರವತ್ತೈದು. ಆಮೇಲೆ ಎಂಬತ್ತು. ಹತ್ತನೆಯ ವಾರ ತೊಂಬತ್ತೈದು.

ಕಾರ್ಡು ಹಿಡಿದು ಅವನು ಮಗುವಿನಂತೆ ನಕ್ಕಾಗ ಅವಳು ಮೇಜಿನ ಕಡೆ ತಿರುಗಿಕೊಂಡಳು. 'ಮುಂದಿನ ವಾರ ನಿಜ ಹೇಳಿಬಿಡ್ತೀನಿ...'

ಮುಂದಿನ ಮಂಗಳವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೆ ಬಂದ, ಕೈಯನ್ನು ಜೋಳಿಗೆಯಂತೆ ಕತ್ತಿಗೆ ಕಟ್ಟಿಕೊಂಡು.

"ಮೇಸ್ತ್ರಿಗೆ ಈ ಕಾರ್ಡು ತೋರಿಸಿದೆ," ಎಂದ. ದನಿ ಏರಲಿಲ್ಲ. "ಸೂರಿನ ಕೆಲಸಕ್ಕೆ ಸಾರುವೆ ಹತ್ತಿಸಿದ. ಮೂರನೇ ಸಲ ರೋಲರ್ ಎತ್ತಿದೆ ನೋಡಿ, ಒಳಗೆ ಬಟ್ಟೆ ಹರಿದ ಹಾಗೆ ಸದ್ದು. ಉಳಿದಿದ್ದ ಎಳೆನೂ ಹೋಯ್ತಂತೆ. ಇನ್ನು ಹೊಲಿಯೋಕೆ ಅಲ್ಲಿ ಏನೂ ಇಲ್ಲ ಅಂದ್ರು ದೊಡ್ಡ ಡಾಕ್ಟ್ರು. ತೊಂಬತ್ತೈದು ಯಾವತ್ತೂ ಇರಲೇ ಇಲ್ಲ ಅಂದ್ರು."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಿಮ್ಮ ಕೈಗುಣ ದೊಡ್ಡದು ಅನ್ನಿಸಿಕೊಳ್ಳೋಕೆ ನನ್ನ ಕಾರ್ಡೇ ಬೇಕಿತ್ತಾ ಮೇಡಂ?"

ಆ ಮಾತು ನೆಟ್ಟಗೆ ಎದೆಗೆ ಬಂತು. ಒಪ್ಪಿಕೊಂಡು ಸುಮ್ಮನಾಗಿದ್ದರೆ ಅವನು ಹೊರಟುಹೋಗುತ್ತಿದ್ದ, ಅವಳ ಮನಸ್ಸಿನ ಗುಟ್ಟಾದರೂ ಉಳಿಯುತ್ತಿತ್ತು.

"ಹೆಸರಿಗಲ್ಲ," ಎಂದಳು. "ಐವತ್ತು ಅಂತಲೇ ಬರೆದಿದ್ರೆ ಕಾರ್ಡು ಮುಚ್ಚಬೇಕಿತ್ತು. ಮುಚ್ಚಿದ್ರೆ ನೀವು ಬರ್ತಿರಲಿಲ್ಲ. ನೀವು ಬರಬೇಕಿತ್ತು ನನಗೆ... ಅದಕ್ಕೇ ಹಲಗೆ ಹಿಡೀಲಿಲ್ಲ. ದೊಡ್ಡ ಡಾಕ್ಟ್ರಿಗೆ ಇದನ್ನೆಲ್ಲ ಇವತ್ತೇ ಬರೆದುಕೊಡ್ತೀನಿ. ಈ ಕೋಣೆ ನನಗೆ ಇನ್ನೆಷ್ಟು ದಿನವೋ ಗೊತ್ತಿಲ್ಲ. ನಿಮ್ಮ ಕೈ ಮಾತ್ರ ಅದರಿಂದ ವಾಪಸ್ ಬರಲ್ಲ."

ಟವೆಲ್ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಆಯಾ ಮೆಲ್ಲಗೆ ಹೊರಗೆ ಹೋದಳು.

ಅವನು ಕಾರ್ಡನ್ನು ಮೇಜಿನ ಮೇಲಿಟ್ಟ.

"ನಾನು ಬೆನ್ನು ವಾಲಿಸ್ತಿದ್ದೆ," ಎಂದ.

"ಏನು?"

"ಆರನೇ ವಾರದಿಂದ. ಮೈ ಎಡಕ್ಕೆ ವಾಲಿಸಿ, ಹಿಮ್ಮಡಿ ಎತ್ತಿ... ಸೂರಿನ ಕೆಲಸದವನಿಗೆ ತನ್ನ ಕೈ ಎಷ್ಟು ಏರಿದೆ ಅಂತ ಗೊತ್ತಿರಲ್ವಾ? ಆರು ವಾರದ ನಿಯಮ ಆಯಾ ನನಗೂ ಹೇಳಿದ್ಲು. ಅಂಕಿ ಏರಿದಾಗ ನಿಮ್ಮ ಮುಖ ಬೆಳಗ್ತಿತ್ತು. ನೋಡ್ತಾ ನೋಡ್ತಾ ನಾನೇ ನಂಬಿಬಿಟ್ಟೆ."

ಅವಳಿಗೆ ಅಳು ಬಂತು. ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ಇಬ್ಬರೂ ಸೇರಿ ಒಂದು ಕೈಯನ್ನು ಕಳೆದಿದ್ದರು. ದೇವರ ಮುಂದೆ ನಿಂತು ಇದನ್ನು ಯಾವ ಬಾಯಲ್ಲಿ ಹೇಳುವುದು?

"ಇನ್ನೊಂದು ಸಲ ಅಳೀರಿ," ಎಂದ ಅವನು. "ಸರಿಯಾಗಿ."

ಕಟ್ಟು ಬಿಚ್ಚಿದಳು. ಹಲಗೆಯನ್ನು ಗಟ್ಟಿಯಾಗಿ ಹಿಡಿದಳು. ಅವನು ನೆಟ್ಟಗೆ ನಿಂತ, ಹಿಮ್ಮಡಿ ನೆಲದ ಮೇಲೆ.

ಮೂವತ್ತೈದು.

ಬರೆದಳು. ಕಾರ್ಡು ಮುಚ್ಚಿದಳು.

ಮೇಲಿನಿಂದ ಒಂದು ಚೂರು ಸುಣ್ಣ ಉದುರಿ ಅವಳ ಬೈತಲೆಯ ಮೇಲೆ ಕೂತಿತು. ಅವನು ನೋಡಿದ. ಬಲಗೈ ಹೊರಟಿತು, ಎದೆಯವರೆಗೂ ಬಾರದೆ ನಿಂತಿತು.

"ಎಡಗೈ ಇದೆಯಲ್ಲ," ಎಂದಳು ಕಣ್ಣೊರೆಸಿಕೊಂಡು.

"ಇದೆ. ಆದ್ರೆ ಮೊದಲನೇ ದಿನ ಹೊರಟದ್ದು ಈ ಕೈ."

ಅವಳು ಗೋಡೆಯ ಬದಿಯ ಗಿಡ್ಡ ಸ್ಟೂಲ್ ಎಳೆದು, ಅವನ ಮುಂದೆ ಕೂತು ತಲೆ ಬಗ್ಗಿಸಿದಳು. ಅವನ ಬಲಗೈ ಬೆರಳುಗಳು ಕೂದಲಿಗೆ ತಾಗಿದವು.

"ನೋಯ್ತಿದೆಯಾ?"

"ನೋಯ್ತಿದೆ."

"ತೆಗೀರಿ ಕೈ."

"ತೆಗೆಯಲ್ಲ," ಎಂದ ಅವನು. "ಇನ್ನು ಇಷ್ಟೇ ಏರೋದು ಇದು. ಪರವಾಗಿಲ್ವಾ?"

"ನಾನು ಕೂತ್ಕೋತೀನಿ," ಎಂದಳು ಅವಳು.