ಹುಲ್ಲಿನ ಮೇಲಿನ ಬಾಗಿದ ಕಲೆ

"ಅಕ್ಕಾ, ನಾನು ವಿಷ ಹಾಕಿಲ್ಲ. ನೀವಾದ್ರೂ ನಂಬಿ," ಎನ್ನುತ್ತ ಮಾಲಿ ನಮ್ಮ ಲಾಂಡ್ರಿಯ ಬಾಗಿಲಲ್ಲಿ ಅತ್ತೆಯೆದುರು ನಿಂತರು. ನಾನು ಒಂದು ಅಂಗಿಯ ತೋಳಿಗೆ ಮೆತ್ತಿದ್ದ ಅಂಟನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದೆ.

ಹೊಸ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಆಟಗಾರರ, ಸಿಬ್ಬಂದಿಯ ಬಟ್ಟೆ ಒಗೆಯುವುದು ಅತ್ತೆಯ ಕೆಲಸ, ಇಸ್ತ್ರಿ ನನ್ನದು. ಅಲ್ಲಿ ಯಾರಿಗೆ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಅತ್ತೆಯನ್ನು ಹುಡುಕಿಕೊಂಡು ಬರುತ್ತಿದ್ದರು.

ಆ ಕಟ್ಟಡದಲ್ಲಿ ಇಡೀ ಮೈದಾನವೇ ಒಂದು ದೊಡ್ಡ ತಟ್ಟೆಯ ಮೇಲಿತ್ತು. ದಿನವೂ ಬೆಳಿಗ್ಗೆ ಹಳಿಗಳ ಮೇಲೆ ಜಾರಿ, ಛಾವಣಿಯಡಿಯಿಂದ ಹೊರಬಂದು ಬಿಸಿಲು ಕಾಯುತ್ತಿತ್ತು. ಪಕ್ಕದಲ್ಲೇ ಬಟ್ಟಲಿನಂತೆ ಒಳಬಾಗಿದ ಲೋಹದ ಗೋಡೆ. ಮೂರು ದಿನದಿಂದ ಹುಲ್ಲಿನ ಮೇಲೆ ಕುಡುಗೋಲಿನ ಹಾಗೆ ಬಾಗಿದ ಕಂದು ಪಟ್ಟೆ ಮೂಡಿತ್ತು. ಸಂಜೆಯೊಳಗೆ ತಪ್ಪೊಪ್ಪಿಕೊಳ್ಳದಿದ್ದರೆ ಮಾಲಿಯನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಮ್ಯಾನೇಜರು ಹೇಳಿದ್ದರು.

ಅತ್ತೆ ನನ್ನನ್ನು ಕರೆದುಕೊಂಡು ಮೈದಾನಕ್ಕೆ ಹೋಗಿ, ಪಟ್ಟೆಯ ಬಳಿ ಮಂಡಿಯೂರಿ ಹುಲ್ಲಿನ ಒಂದು ಬುಡ ಕಿತ್ತರು. ತುದಿ ಕರಕಲು, ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಆಮೇಲೆ ಬಹಳ ಹೊತ್ತು ಗೋಡೆಯನ್ನೇ ನೋಡಿದರು.

"ಹನ್ನೊಂದು ಗಂಟೆಗೆ ಎಲ್ಲರನ್ನೂ ಕರಿ," ಎಂದರು ನನಗೆ.

"ನಾನಾ?"

"ನಿನಗೂ ಬಾಯಿದೆಯಲ್ಲ!"

ಮ್ಯಾನೇಜರು, ಮಾಲಿ, ಕಟ್ಟಡದ ವಿನ್ಯಾಸ ಮಾಡಿದ ಮೇಡಂ ಬಂದರು. ಅತ್ತೆ ಪಟ್ಟೆಯ ಮೇಲೆ ಒದ್ದೆ ಟವೆಲ್ ಹಾಸಿದರು.

"ಬಟ್ಟೆ ಒಣಗಿಸೋಕೆ ನಮ್ಮನ್ನ ಕರೆಸಿದ್ರಾ?" ಮ್ಯಾನೇಜರು ನಕ್ಕರು.

"ಸ್ವಲ್ಪ ತಾಳಿ ಸಾರ್."

ಟವೆಲಿನಿಂದ ಹಬೆ ಎದ್ದಿತು. ನೋಡನೋಡುತ್ತಲೇ ಅದು ಒಣಗಿ, ನಡುವೆ ಕಂದು ಕಲೆ ಬಿತ್ತು.

"ವಿಷ ಆಗಿದ್ರೆ ಬೇರೂ ಸಾಯ್ತಿತ್ತು. ಇದು ಇಸ್ತ್ರಿಪೆಟ್ಟಿಗೆ ಸುಟ್ಟ ಹಾಗೆ, ಮೇಲಷ್ಟೇ. ಗೋಡೆ ಬಿಸಿಲನ್ನ ಒಂದೇ ಕಡೆ ಕೂಡಿಸ್ತಿದೆ. ಸೂರ್ಯ ಸರಿದ ಹಾಗೆ ಸುಡೋ ಜಾಗಾನೂ ಸರಿಯುತ್ತೆ. ಅದಕ್ಕೇ ಕಲೆ ಬಾಗಿದೆ."

"ಸಾಧ್ಯವೇ ಇಲ್ಲ. ಹೊಳೀಬಾರದು ಅಂತಲೇ ಗೋಡೆಗೆ ಮಬ್ಬು ಹಾಳೆ ಅಂಟಿಸಿದ್ದೀನಿ," ಎಂದು ತಿರುಗಿದ ಮೇಡಂ ಅಲ್ಲೇ ತಡೆದರು. ಗೋಡೆಯ ಕೆಳಭಾಗ ಕನ್ನಡಿಯಾಗಿತ್ತು.

"ಯಾರೋ ಹಾಳೆ ಕಿತ್ತಿದ್ದಾರೆ. ಕಿತ್ತವರ ತೋಳಿಗೆ ಅಂಟು ಹತ್ತಿರುತ್ತೆ," ಅತ್ತೆ ನನ್ನತ್ತ ನೋಡಿದರು. "ಹೇಳಮ್ಮ, ಬೆಳಿಗ್ಗೆ ಉಜ್ಜುತ್ತಿದ್ದ ಅಂಗಿ ಯಾರದು?"

ಅಷ್ಟು ಜನರೆದುರು ನಾನೆಂದೂ ಮಾತಾಡಿದವಳಲ್ಲ. ಮಾಲಿ ನನ್ನತ್ತ ಒಂದು ಹೆಜ್ಜೆ ಮುಂದೆ ಬಂದರು.

"ಮ್ಯಾನೇಜರ್ ಸಾರ್‌ದು," ಎಂದೆ. "ನಾಲ್ಕು ದಿನದ ಹಿಂದೆ ಕೊಟ್ಟಿದ್ರು. ಎಷ್ಟು ಒಗೆದ್ರೂ ಅಂಟು ಹೋಗಿರಲಿಲ್ಲ."

ಮ್ಯಾನೇಜರು ಮೇಡಂ ಕಡೆ ತಿರುಗಿದರು. "ಉದ್ಘಾಟನೆ ಫೋಟೋದಲ್ಲಿ ಗೋಡೆ ಮಂಕಾಗಿ ಕಾಣಬಾರದು ಅಂತ... ಹುಲ್ಲು ಸುಡುತ್ತೆ ಅಂತ ನನಗೇನು ಗೊತ್ತಿತ್ತು?"

"ಸುಟ್ಟ ಮೇಲೆ ಗೊತ್ತಾಯ್ತಲ್ಲ ಸಾರ್?" ಎಂದರು ಮಾಲಿ.

ಉತ್ತರಕ್ಕೆ ಕಾಯದೆ ಅವರು ಮೈದಾನವನ್ನು ನೆರಳಿಗೆ ಸರಿಸುವ ಗುಂಡಿಯತ್ತ ಓಡಿ, ಅದನ್ನು ಒತ್ತಿದರು. ನಾವು ನಿಂತ ನೆಲವೇ ಮೆಲ್ಲಗೆ ಸಾಗತೊಡಗಿತು. ಮ್ಯಾನೇಜರು ಆಯ ತಪ್ಪಿ, ಹಿಡಿದುಕೊಳ್ಳಲು ಏನೂ ಸಿಗದೆ, ಹುಲ್ಲಿನ ಮೇಲೆ ಕುಳಿತುಬಿಟ್ಟರು.